ಬೇರೆ ಗಾಡಿಯ ಫೋರ್ಕು

ನಾನು ಪಿ.ಯು.ಸಿ. ತರಗತಿಯಲ್ಲಿ ಓದುತ್ತಿದ್ದಾಗ ಒಂದು ದಿನ ನನ್ನ ಸೈಕಲ್ಲು ಮೋರಿಯ ಕಲ್ಲಿಗೆ ಬಡಿದು ಅದರ ಮುಂದಿನ ಫೋರ್ಕು ಬಾಗಿಹೋಯಿತು. ರಿಪೇರಿ ಅಂಗಡಿಯವರು ಹಳೆಯ ಸಾಮಾನುಗಳ ರಾಶಿಯೊಳಗಿಂದ ಬೇರೊಂದು ಸೈಕಲ್ಲಿನ ಫೋರ್ಕನ್ನು ಹುಡುಕಿ ತೆಗೆದು ಅರ್ಧ ಗಂಟೆಯಲ್ಲಿ ಜೋಡಿಸಿಕೊಟ್ಟರು. ಚಕ್ರ ಸರಿಯಾಗಿ ಕೂಡಿತು, ಬ್ರೇಕೂ ಕೂಡಿತು. ಆದರೆ ಸೈಕಲ್ಲು ಮಾತ್ರ ಮೊದಲಿನ ಸೈಕಲ್ಲಾಗಿ ಉಳಿಯಲಿಲ್ಲ. ನಿಧಾನವಾಗಿ ತಿರುಗುವಾಗ ಹ್ಯಾಂಡಲ್ಲು ತಾನಾಗಿಯೇ ಒಳಮಗ್ಗುಲಿಗೆ ಬೀಳುತ್ತಿತ್ತು. ನೇರ ರಸ್ತೆಯಲ್ಲಿ ಅದು ಮೊಂಡು ಎತ್ತಿನಂತೆ ಹಿಡಿದ ದಾರಿಯನ್ನು ಬಿಡಲೊಪ್ಪುತ್ತಿರಲಿಲ್ಲ. ಹಳೆಯ ಫೋರ್ಕಿನ ಕಾಲುಗಳು ತುದಿಯಲ್ಲಿ ಮುಂದಕ್ಕೆ ಚೆನ್ನಾಗಿ ಬಾಗಿದ್ದವು, ಹೊಸದರ ಕಾಲುಗಳು ಹೆಚ್ಚುಕಡಿಮೆ ನೆಟ್ಟಗಿದ್ದವು ಎಂಬುದನ್ನು ಆಗಲೇ ಕಂಡಿದ್ದೆನಾದರೂ, ಅಷ್ಟು ಚಿಕ್ಕ ವ್ಯತ್ಯಾಸಕ್ಕೂ ಈ ತೊಂದರೆಗೂ ಸಂಬಂಧವಿರಬಹುದೆಂದು ನನಗೆ ತೋರಲಿಲ್ಲ. ಯಂತ್ರಶಾಸ್ತ್ರವನ್ನು ಓದಿದ ಮೇಲೆ ಆ ಸಂಬಂಧ ತಿಳಿಯಿತು. ಒಂದು ಭಾಗವು ಯಂತ್ರಕ್ಕೆ ಕೂಡುವುದು ಬೇರೆ, ಹೊಂದುವುದು ಬೇರೆ.

ಈ ಮಾತು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಮೆರಿಕದಲ್ಲಿ ನಡೆಯುವ ‘ಫ್ಲಾಟ್ ಟ್ರ್ಯಾಕ್’ ಎಂಬ ಮೋಟಾರು ಸೈಕಲ್ ಪಂದ್ಯದ ಗಾಡಿಗಳಲ್ಲಿ. ಅವುಗಳನ್ನು ಕಟ್ಟುವವರಲ್ಲಿ ಬಹುಮಂದಿ ಫೋರ್ಕನ್ನು ತಾವೇ ತಯಾರಿಸುವುದಿಲ್ಲ. ಬೇರೆ ಗಾಡಿಯಿಂದ ತಂದು ಹೊಂದಿಸಿಕೊಳ್ಳುತ್ತಾರೆ. ಸೈಕಲ್ಲಿನ ಸವಾರನಿಗೆ ಈ ಕೆಲಸದಲ್ಲಿ ತಪ್ಪಾದರೆ ಆಗುವುದು ಕಿರಿಕಿರಿ. ಗಂಟೆಗೆ 200 ಕಿಲೋಮೀಟರಿನ ವೇಗದಲ್ಲಿ ಮಣ್ಣಿನ ಮೇಲೆ ಹೋಗುವವನಿಗೆ ಆಗುವುದು ಪ್ರಾಣಾಪಾಯ. ಅವರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂಬುದನ್ನು ಭೌತಶಾಸ್ತ್ರದ ದೃಷ್ಟಿಯಿಂದ ಇಲ್ಲಿ ವಿವೇಚಿಸೋಣ.

ಮಣ್ಣಿನ ಹಾದಿಯ ಪಂದ್ಯ

ಅಮೆರಿಕದ ಅನೇಕ ಊರುಗಳಲ್ಲಿ ವಾರ್ಷಿಕ ಜಾತ್ರೆಯ ಮೈದಾನಗಳಿದ್ದು ಅಲ್ಲಿ ಕುದುರೆಯ ಪಂದ್ಯಕ್ಕಾಗಿ ಮಾಡಿದ ಅಂಡಾಕಾರದ ಮಣ್ಣಿನ ಹಾದಿಗಳಿವೆ. ಒಂದು ಮೈಲಿ ಅಥವಾ ಅರ್ಧ ಮೈಲಿ ಸುತ್ತಳತೆಯ ಇಂಥ ಹಾದಿಗಳಲ್ಲೇ ಈ ಮೋಟಾರು ಸೈಕಲ್ ಪಂದ್ಯ ಬೆಳೆದುಬಂತು. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ಒಂದು ಮೈಲಿಯ ಹಾದಿ ಇವುಗಳಲ್ಲಿ ಪ್ರಸಿದ್ಧವಾದುದು. 1954ರಲ್ಲಿ ‘ಗ್ರ್ಯಾಂಡ್ ನ್ಯಾಷನಲ್’ ಎಂಬ ರಾಷ್ಟ್ರೀಯ ಸ್ಪರ್ಧಾಮಾಲೆ ಆರಂಭವಾಯಿತು. 1970ರಲ್ಲಿ ಹಾರ್ಲೆ-ಡೇವಿಡ್‌ಸನ್ ಸಂಸ್ಥೆ ಈ ಪಂದ್ಯಕ್ಕೆಂದೇ ಎಕ್ಸ್‌ಆರ್‌750 ಎಂಬ ಗಾಡಿಯನ್ನು ಹೊರತಂದಿತು. ಚೆನ್ನೈಯಲ್ಲಿ ಗಾಡಿಗಳನ್ನು ತಯಾರಿಸುವ ರಾಯಲ್ ಎನ್‌ಫೀಲ್ಡ್ ಸಂಸ್ಥೆಯೂ 2020ರಲ್ಲಿ ತನ್ನ 650 ಸಿ.ಸಿ. ಅವಳಿ ಸಿಲಿಂಡರಿನ ಎಂಜಿನ್ನನ್ನು ಇಟ್ಟುಕೊಂಡು ಈ ಕಣಕ್ಕೆ ಇಳಿಯಿತು.

ಪಂದ್ಯದಲ್ಲಿ ತಿರುವುಗಳೆಲ್ಲ ಎಡಕ್ಕೇ. ತಿರುವಿನಲ್ಲಿ ಸವಾರನು ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಗೊಡುತ್ತಾನೆ. ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಸೋಕಿಸುತ್ತ, ಗಾಡಿಯ ಮೈ ಎಡಕ್ಕೆ ತಿರುಗಿದ್ದರೂ ಮುಂಚಕ್ರವನ್ನು ಬಲಕ್ಕೆ ಹೊರಳಿಸಿ ಹಿಡಿದು ಓಡುತ್ತಾನೆ. ಅಂಡಾಕಾರದ ಹಾದಿಯ ಗಾಡಿಗಳಿಗೆ ಮುಂಚಕ್ರದ ಬ್ರೇಕು ಇರುವುದಿಲ್ಲ. ಮುಂದೆ ಹಿಂದೆ ಎರಡೂ ಕಡೆ 19 ಅಂಗುಲದ ಚಕ್ರಗಳಿರುತ್ತವೆ. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಲೆಕ್ಕವೆಲ್ಲ ಇವುಗಳಿಂದಲೇ ಹುಟ್ಟುತ್ತದೆ.

ಮೂರು ಅಳತೆಗಳು

ಫೋರ್ಕು ಎಂದರೆ ಮುಂಚಕ್ರವನ್ನು ಎರಡು ಮಗ್ಗುಲಿನಿಂದ ಹಿಡಿದಿರುವ ಕವೆ. ಮೋಟಾರು ಸೈಕಲ್ಲಿನಲ್ಲಿ ಅದರ ಒಂದೊಂದು ಕಾಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದಾದುದು. ಒಳಗೆ ಸ್ಪ್ರಿಂಗು ಮತ್ತು ಎಣ್ಣೆ ಇರುತ್ತವೆ. 1935ರಲ್ಲಿ ಬಿಎಂಡಬ್ಲ್ಯು ಸಂಸ್ಥೆಯ ಆರ್12 ಗಾಡಿಯಲ್ಲಿ ಎಣ್ಣೆಯ ತಡೆಯುಳ್ಳ ಇಂಥ ಫೋರ್ಕು ಮಾರುಕಟ್ಟೆಗೆ ಬಂದಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ ಗಾಡಿಗಳಲ್ಲಿ ನಮ್ಮ ಹಿರಿಯರು ಕಂಡದ್ದೂ ಇದೇ ಜಾತಿಯ ಫೋರ್ಕನ್ನು. ಎರಡು ಕಾಲುಗಳನ್ನು ಮೇಲ್ಗಡೆ ಎರಡು ಅಡ್ಡಪಟ್ಟಿಗಳು ಬಿಗಿದು ಹಿಡಿಯುತ್ತವೆ. ಇವಕ್ಕೆ ಟ್ರಿಪಲ್ ಕ್ಲಾಂಪ್ ಎಂದು ಹೆಸರು. ಇವೆರಡನ್ನೂ ಕೂಡಿಸುವ ದಂಡವು ಗಾಡಿಯ ಚೌಕಟ್ಟಿನ ಕತ್ತಿನಲ್ಲಿ, ಮೆಕ್ಯಾನಿಕ್‌ಗಳು ‘ಕೋನ್‌ಸೆಟ್’ ಎಂದು ಕರೆಯುವ ಬೇರಿಂಗುಗಳ ಮೇಲೆ ತಿರುಗುತ್ತದೆ.

ಈಗ ಮೂರು ಅಳತೆಗಳನ್ನು ಗುರುತಿಸೋಣ. ಹ್ಯಾಂಡಲ್ಲು ತಿರುಗುವ ಅಕ್ಷವು ಲಂಬರೇಖೆಗೆ ಎಷ್ಟು ಓರೆಯಾಗಿದೆಯೋ ಅದು ಮೊದಲನೆಯದು. ಅದನ್ನು ‘ಓರೆಕೋನ’ ಎನ್ನೋಣ. ಚಕ್ರದ ಕೇಂದ್ರವು ಆ ಅಕ್ಷಕ್ಕಿಂತ ಎಷ್ಟು ಮುಂದಿದೆಯೋ ಅದು ಎರಡನೆಯದು, ಅದು ‘ಮುಂಚಾಚು’. ಆ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ನೆಲವನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ. ಚಕ್ರವು ನೆಲವನ್ನು ಮುಟ್ಟುವ ಬಿಂದು ಅದಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಈ ಹಿಂದಿರುವ ದೂರವೇ ಮೂರನೆಯ ಅಳತೆ. ಎಂಜಿನಿಯರುಗಳು ಇದನ್ನು ಟ್ರೇಲ್ ಎನ್ನುತ್ತಾರೆ. ನಾವು ‘ಹಿಂದುಳಿಕೆ’ ಎನ್ನೋಣ.

ಹಿಂದುಳಿಕೆಯಿಂದ ಏನು ಪ್ರಯೋಜನವೆಂಬುದನ್ನು ಅರಿಯಲು ಆಸ್ಪತ್ರೆಯ ತಳ್ಳುಗಾಡಿಯ ಪುಟ್ಟ ಗಾಲಿಗಳನ್ನು ನೋಡಿದರೆ ಸಾಕು. ಗಾಡಿಯನ್ನು ಯಾವ ದಿಕ್ಕಿಗೆ ತಳ್ಳಿದರೂ ಗಾಲಿಯು ತನ್ನ ತಿರುಗಣಿಯ ಹಿಂದೆ ಸರಿದು ಆ ದಿಕ್ಕಿಗೇ ಮುಖಮಾಡುತ್ತದೆ. ಮೋಟಾರು ಸೈಕಲ್ಲಿನ ಮುಂಚಕ್ರವೂ ಹಾಗೆಯೇ. ಹಿಂಭಾಗ ಹೊರಕ್ಕೆ ಜಾರಿ ಗಾಡಿಯ ಮೈ ಓರೆಯಾದಾಗ, ಮುಂಚಕ್ರದ ಮೇಲೆ ನೆಲವು ಹಾಕುವ ಪಕ್ಕದ ಬಲವು ತಿರುಗುವ ಅಕ್ಷದ ಹಿಂದೆ ವರ್ತಿಸಿ, ಚಕ್ರವನ್ನು ಚಲನೆಯ ದಿಕ್ಕಿಗೇ ಹೊರಳಿಸುತ್ತದೆ. ನೋಡುವವರಿಗೆ ಸವಾರನ ತೋಳುಗಳೇ ಅದನ್ನು ಬಲಕ್ಕೆ ತಿರುಗಿಸಿದಂತೆ ಕಾಣುತ್ತದೆ. ನಿಜವಾಗಿ ಆ ಕೆಲಸದಲ್ಲಿ ಒಂದು ಪಾಲನ್ನು ಹಿಂದುಳಿಕೆಯೇ ಮಾಡಿರುತ್ತದೆ.

ಆದರೆ ಇದು ಅತಿಯಾದರೆ ಹ್ಯಾಂಡಲ್ಲು ಭಾರವಾಗಿ ನಿಧಾನದಲ್ಲಿ ಒಳಕ್ಕೆ ಬೀಳುತ್ತದೆ. ನನ್ನ ಸೈಕಲ್ಲಿಗೆ ಆದದ್ದು ಇದೇ. ತೀರ ಕಡಿಮೆಯಾದರೆ ವೇಗದಲ್ಲಿ ಮುಂಚಕ್ರವು ದಿಕ್ಕುಗೆಟ್ಟು ತಲೆಯಾಡಿಸಲು ಆರಂಭಿಸಬಹುದು. ಫ್ಲಾಟ್ ಟ್ರ್ಯಾಕಿನ ಗಾಡಿಗೆ 100 ಮಿಲಿಮೀಟರಿನ ಆಸುಪಾಸಿನ ಹಿಂದುಳಿಕೆಯು ಕೆಲಸವನ್ನು ಆರಂಭಿಸಲು ತಕ್ಕ ಅಳತೆ. ದ್ವಿಚಕ್ರಿಯ ಸ್ಥಿರತೆಗೆ ಹಿಂದುಳಿಕೆಯೊಂದೇ ಕಾರಣವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 1970ರಲ್ಲಿ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ವಿಚಿತ್ರ ಸೈಕಲ್ಲುಗಳನ್ನು ಕಟ್ಟಿ ಹಿಂದುಳಿಕೆಯ ಮಹತ್ವವನ್ನು ತೋರಿಸಿದನು. ಆದರೆ 2011ರಲ್ಲಿ ಡಚ್ ಮತ್ತು ಅಮೆರಿಕನ್ ಸಂಶೋಧಕರು, ಹಿಂದುಳಿಕೆಯೂ ಚಕ್ರಗಳ ಬುಗುರಿಯ ಗುಣವೂ ಇಲ್ಲದಿದ್ದರೂ ತಾನಾಗಿ ನೆಟ್ಟಗೆ ಓಡಬಲ್ಲ ದ್ವಿಚಕ್ರಿಯೊಂದನ್ನು ನಿರ್ಮಿಸಿ ತೋರಿಸಿದರು. ತೂಕದ ಹಂಚಿಕೆಗೂ ಅದರಲ್ಲಿ ದೊಡ್ಡ ಪಾತ್ರವಿದೆ. ಹಾಗಿದ್ದರೂ, ಒಂದೇ ಗಾಡಿಯಲ್ಲಿ ಫೋರ್ಕನ್ನು ಮಾತ್ರ ಬದಲಾಯಿಸುವಾಗ ಮೊದಲು ಲೆಕ್ಕಹಾಕಬೇಕಾದದ್ದು ಹಿಂದುಳಿಕೆಯನ್ನೇ.

ಫೋರ್ಕು ಎಲ್ಲಿಂದ ಬರುತ್ತದೆ

ಗಾಡಿ ಕಟ್ಟುವವನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಪಂದ್ಯಕ್ಕೆಂದೇ ತಯಾರಾದ ಫೋರ್ಕು. 1960ರ ದಶಕದಿಂದ ಇಟಲಿಯ ಚೆರಿಯಾನಿ ಸಂಸ್ಥೆಯ 35 ಮಿ.ಮೀ. ಕೊಳವೆಯ ಫೋರ್ಕುಗಳು ಅಮೆರಿಕದ ಪಂದ್ಯಗಾರರಲ್ಲಿ ಬಹಳ ಹೆಸರು ಪಡೆದಿದ್ದವು. ಇಂದು ಅವು ಹಳೆಯವು, ಬೆಲೆಯೂ ಹೆಚ್ಚು. ಎರಡನೆಯದು, ರಸ್ತೆಯ ವೇಗದ ಗಾಡಿಗಳ ಫೋರ್ಕು. 1999ರಲ್ಲಿ ಬಂದ ಯಮಾಹಾ ಆರ್6 ಗಾಡಿಯ 43 ಮಿ.ಮೀ. ಕೊಳವೆಯ ಫೋರ್ಕು ಇದಕ್ಕೊಂದು ಉದಾಹರಣೆ. ಅಪಘಾತವಾದ ಗಾಡಿಗಳನ್ನು ಬಿಚ್ಚಿ ಮಾರುವವರಲ್ಲಿ ಇಂಥವು ದೊರೆಯುತ್ತವೆ. ಮೂರನೆಯದು, ಗುಡ್ಡಹಳ್ಳಗಳಲ್ಲಿ ನೆಗೆಯುವ ಮೋಟೋಕ್ರಾಸ್ ಗಾಡಿಯ ಫೋರ್ಕು. ಅದರ ಕಾಲು ಸುಮಾರು 300 ಮಿ.ಮೀ. ಕುಗ್ಗಬಲ್ಲದು, ಸಮತಟ್ಟಾದ ಮಣ್ಣಿನ ಹಾದಿಗೆ ಅಷ್ಟು ಬೇಡ. ಆದ್ದರಿಂದ ಒಳಗೆ ತಡೆಬಳೆಗಳನ್ನು ಹಾಕಿ ಕಾಲು ಪೂರ್ತಿ ಚಾಚದಂತೆ ಮಾಡಿ ಗಾಡಿಯನ್ನು ಕೆಳಗಿಳಿಸುತ್ತಾರೆ.

ಹಳೆಯ ಫೋರ್ಕನ್ನು ಕೊಳ್ಳುವವನು ಮೊದಲು ಅದು ನೆಟ್ಟಗಿದೆಯೇ ಎಂದು ನೋಡಬೇಕು. ಬಿಚ್ಚಿದ ಒಳಗೊಳವೆಯನ್ನು ಎರಡು ವಿ-ಆಕಾರದ ಕಟ್ಟೆಗಳ ಮೇಲಿಟ್ಟು ಉರುಳಿಸುತ್ತ ಡಯಲ್ ಗೇಜಿನ ಮುಳ್ಳನ್ನು ಗಮನಿಸಿದರೆ ಕಣ್ಣಿಗೆ ಕಾಣದ ಬಾಗೂ ಗೊತ್ತಾಗುತ್ತದೆ. ಗಾಜಿನ ಹಲಗೆಯ ಮೇಲೆ ಉರುಳಿಸುವುದು ಬಡವನ ಪರೀಕ್ಷೆ. ಅದೂ ಬಹುಮಟ್ಟಿಗೆ ಸಾಕಾಗುತ್ತದೆ. ಕ್ರೋಮ್ ಲೇಪದ ಮೇಲೆ ತುಕ್ಕಿನ ಕುಳಿಗಳಿದ್ದರೆ ಎಣ್ಣೆಯ ಸೀಲು ಎಷ್ಟು ಹೊಸದಾದರೂ ಬಾಳುವುದಿಲ್ಲ. ಅಪಘಾತವಾದ ಗಾಡಿಯಲ್ಲಿ ಮೊದಲು ಪೆಟ್ಟು ತಿನ್ನುವುದು ಫೋರ್ಕೇ ಎಂಬುದನ್ನು ಕೊಳ್ಳುವವನು ಮರೆಯಬಾರದು.

ಲೆಕ್ಕ ಹೇಳುವುದೇನು?

ಮೇಲಿನ ಮೂರು ಅಳತೆಗಳಿಗೂ ಚಕ್ರದ ತ್ರಿಜ್ಯಕ್ಕೂ ಇರುವ ಸಂಬಂಧವನ್ನು ಪ್ರೌಢಶಾಲೆಯ ತ್ರಿಕೋಣಮಿತಿಯಿಂದಲೇ ಪಡೆಯಬಹುದು:

ಹಿಂದುಳಿಕೆ = (ತ್ರಿಜ್ಯ × ಸೈನ್ ಓರೆಕೋನ − ಮುಂಚಾಚು) ÷ ಕೊಸೈನ್ ಓರೆಕೋನ

ವಿದ್ಯಾರ್ಥಿಗಳು ಒಂದು ಚಿತ್ರವನ್ನು ಬರೆದುಕೊಂಡು ಇದನ್ನು ತಾವೇ ಸಾಧಿಸಿ ನೋಡಬೇಕು. ರಸ್ತೆಯ ಗಾಡಿಯೊಂದರ ಓರೆಕೋನ 24 ಡಿಗ್ರಿ, 17 ಅಂಗುಲದ ಚಕ್ರದ ತ್ರಿಜ್ಯ ಟೈರೂ ಸೇರಿ 300 ಮಿ.ಮೀ., ಮುಂಚಾಚು 30 ಮಿ.ಮೀ. ಎಂದಿಟ್ಟುಕೊಳ್ಳೋಣ. 24 ಡಿಗ್ರಿಯ ಸೈನ್ 0.4067, ಕೊಸೈನ್ 0.9135. ಆಗ ಹಿಂದುಳಿಕೆ ಸುಮಾರು 101 ಮಿ.ಮೀ. ಆಗುತ್ತದೆ. ಇದೇ ಫೋರ್ಕಿಗೆ ಬೇರೇನನ್ನೂ ಬದಲಾಯಿಸದೆ ಪಂದ್ಯದ 19 ಅಂಗುಲದ ಚಕ್ರವನ್ನು ಹಾಕಿದರೆ ತ್ರಿಜ್ಯವು ಸುಮಾರು 343 ಮಿ.ಮೀ. ಆಗುತ್ತದೆ, ಹಿಂದುಳಿಕೆ 120 ಮಿ.ಮೀ.ಗೆ ಏರುತ್ತದೆ. ಚಕ್ರ ಕೂಡಿತು; ಆದರೆ ಗಾಡಿಯ ಸ್ವಭಾವ ಬದಲಾಯಿತು.

ಇದಕ್ಕೆ ಪರಿಹಾರವು ಫೋರ್ಕಿನ ಕಾಲುಗಳಲ್ಲಿ ಇಲ್ಲ, ಅವುಗಳನ್ನು ಹಿಡಿದಿರುವ ಕ್ಲಾಂಪಿನಲ್ಲಿದೆ. ಹಿಂದುಳಿಕೆ ಮತ್ತೆ 100 ಮಿ.ಮೀ. ಆಗಬೇಕಾದರೆ ಮುಂಚಾಚು ಎಷ್ಟಿರಬೇಕೆಂದು ಅದೇ ಸೂತ್ರವನ್ನು ತಿರುಗಿಸಿ ಕೇಳಿದರೆ 48 ಮಿ.ಮೀ. ಎಂಬ ಉತ್ತರ ಬರುತ್ತದೆ. ಆದ್ದರಿಂದಲೇ ಪಂದ್ಯಗಾರರು ಅಲ್ಯುಮಿನಿಯಂ ಗಟ್ಟಿಯಿಂದ ಹೊಸ ಕ್ಲಾಂಪುಗಳನ್ನು ಕಡೆಸಿಕೊಳ್ಳುತ್ತಾರೆ. ಹಲವು ಕ್ಲಾಂಪುಗಳಲ್ಲಿ ಹಾದಿಗೆ ತಕ್ಕಂತೆ ಮುಂಚಾಚನ್ನು ಹೆಚ್ಚುಕಡಿಮೆ ಮಾಡುವ ಅನುಕೂಲವೂ ಇರುತ್ತದೆ. ಮೋಟೋಕ್ರಾಸ್ ಫೋರ್ಕಿನಲ್ಲಿ ಇನ್ನೊಂದು ಎಚ್ಚರ ಬೇಕು. ಅದರ ಅಚ್ಚು ಕಾಲಿನ ನಡುವೆ ಇರದೆ ಮುಂದಕ್ಕೆ ಚಾಚಿರುತ್ತದೆ. ಕ್ಲಾಂಪಿನ ಅಳತೆಗೆ ಅದನ್ನೂ ಕೂಡಿಸಿದರೆ ಮಾತ್ರ ನಿಜವಾದ ಮುಂಚಾಚು ಸಿಗುತ್ತದೆ.

ಎತ್ತರದ ಲೆಕ್ಕವೂ ಇದೆ. ಎರಡು ಅಚ್ಚುಗಳ ನಡುವಿನ ದೂರ 1400 ಮಿ.ಮೀ. ಇರುವ ಗಾಡಿಯಲ್ಲಿ, ಹಿಂಭಾಗ ಹಾಗೆಯೇ ಇದ್ದು ಮುಂಭಾಗ ಮಾತ್ರ ಸುಮಾರು 24 ಮಿ.ಮೀ. ಮೇಲೆದ್ದರೆ ಓರೆಕೋನವು ಒಂದು ಡಿಗ್ರಿಯಷ್ಟು ಹೆಚ್ಚುತ್ತದೆ. ಇದನ್ನು ಸರಿಪಡಿಸುವ ಉಪಾಯ ಸುಲಭವಾದುದು: ಕ್ಲಾಂಪಿನ ಬೋಲ್ಟುಗಳನ್ನು ಸಡಿಲಿಸಿ ಕಾಲುಗಳನ್ನು ಮೇಲಕ್ಕೆ ಜಾರಿಸಿ ಮತ್ತೆ ಬಿಗಿಯುವುದು. ಆದರೆ ಎಷ್ಟು ಜಾರಿಸಬಹುದು ಎಂಬುದಕ್ಕೆ ಮಿತಿಯಿದೆ. ಅದನ್ನು ತಿಳಿಯಲು ಸ್ಪ್ರಿಂಗುಗಳನ್ನು ತೆಗೆದು ಫೋರ್ಕನ್ನು ಪೂರ್ತಿ ಕುಗ್ಗಿಸಿ, ದಪ್ಪ ಟೈರು ಕೆಳಗಿನ ಕ್ಲಾಂಪಿಗಾಗಲಿ ಎಂಜಿನ್ನಿನ ಕೊಳವೆಗಾಗಲಿ ತಾಗುವುದೋ ಎಂದು ಅಂಗಳದಲ್ಲೇ ಪರೀಕ್ಷಿಸಬೇಕು. ಅಂಗಳದಲ್ಲಿ ತಾಗಿದರೆ ನಷ್ಟವಿಲ್ಲ. ತಿರುವಿನಲ್ಲಿ ತಾಗಿದರೆ ಚಕ್ರವು ಕಚ್ಚಿಕೊಂಡು ಸವಾರನು ಹ್ಯಾಂಡಲ್ಲಿನ ಮೇಲಿಂದ ಹಾರಿಬೀಳುತ್ತಾನೆ.

ಸ್ಪ್ರಿಂಗು, ಎಣ್ಣೆ ಮತ್ತು ಗಾಳಿ

ರಸ್ತೆಯ ಗಾಡಿಯ ಫೋರ್ಕು ಮುಖ್ಯವಾಗಿ ಒಂದು ಕಷ್ಟವನ್ನು ಎದುರಿಸಲು ಹುಟ್ಟಿದ್ದು: ಮುಂಚಕ್ರದ ಬ್ರೇಕನ್ನು ಬಲವಾಗಿ ಹಿಡಿದಾಗ ಗಾಡಿಯ ಭಾರದ ಬಹುಪಾಲು ಮುಂದಕ್ಕೆ ವಾಲುತ್ತದೆ, ಆಗ ಫೋರ್ಕು ಪೂರ್ತಿ ಕುಸಿಯಬಾರದು. ಆದರೆ ಮಣ್ಣಿನ ಪಂದ್ಯದ ಗಾಡಿಗೆ ಮುಂಚಕ್ರದ ಬ್ರೇಕೇ ಇಲ್ಲ! ಇಲ್ಲಿ ಫೋರ್ಕಿನ ಕೆಲಸ ಬೇರೆ. ಹಿಡಿತ ಕಡಿಮೆಯಿರುವ ನೆಲದ ಮೇಲೆ, ಒರಟಾದ ಚಿಕ್ಕ ಏರಿಳಿತಗಳ ನಡುವೆ, ಟೈರು ನೆಲವನ್ನು ಬಿಡದಂತೆ ನೋಡಿಕೊಳ್ಳಬೇಕು. ಆದಕಾರಣ ಸ್ಪ್ರಿಂಗನ್ನೂ ಎಣ್ಣೆಯ ತಡೆಯನ್ನೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಗಾಡಿ ಮತ್ತು ಸವಾರ ಸೇರಿ 220 ಕಿಲೋಗ್ರಾಂ, ಅದರಲ್ಲಿ ಅರ್ಧ ಮುಂದಕ್ಕೆ ಎಂದರೆ 110. ಚಕ್ರ ಮೊದಲಾದ, ಸ್ಪ್ರಿಂಗಿನ ಕೆಳಗಿರುವ ಭಾಗಗಳ 15 ಕಿ.ಗ್ರಾಂ. ಕಳೆದರೆ ಸ್ಪ್ರಿಂಗುಗಳು ಹೊರುವುದು 95. ಫೋರ್ಕು ಓರೆಯಾಗಿರುವುದರಿಂದ ಅದರ ನೇರದಲ್ಲಿ ಬೀಳುವ ಭಾರ ಸುಮಾರು 86 ಕಿ.ಗ್ರಾಂ. ಒಂದೊಂದು ಸ್ಪ್ರಿಂಗನ್ನೂ ಒಂದು ಮಿಲಿಮೀಟರು ಕುಗ್ಗಿಸಲು 0.9 ಕಿ.ಗ್ರಾಂ. ಭಾರ ಬೇಕಾದರೆ, ಎರಡೂ ಸೇರಿ 1.8. ಆಗ ಫೋರ್ಕು ನಿಂತಲ್ಲೇ 48 ಮಿ.ಮೀ. ಇಳಿಯುತ್ತದೆ. ಒಟ್ಟು ಚಲನೆ 120 ಮಿ.ಮೀ. ಮಾತ್ರ ಇರುವಾಗ ಇದು ಹೆಚ್ಚು. ಸ್ಪ್ರಿಂಗುಗಳನ್ನು ಮೊದಲೇ 15 ಮಿ.ಮೀ. ಒತ್ತಿ ಕೂರಿಸಿದರೆ ಇಳಿತವು 33 ಮಿ.ಮೀ.ಗೆ ಬರುತ್ತದೆ, ಒಟ್ಟು ಚಲನೆಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು. ತಗ್ಗು ಬಂದಾಗ ಚಕ್ರವು ಕೆಳಕ್ಕೆ ಚಾಚಿ ನೆಲವನ್ನು ಹಿಂಬಾಲಿಸಲು ಈ ಇಳಿತವೇ ಅವಕಾಶ ಕೊಡುವುದು.

ಸ್ಪ್ರಿಂಗೊಂದೇ ಇದ್ದರೆ ಗಾಡಿ ಉಯ್ಯಾಲೆಯಂತೆ ಆಡುತ್ತಲೇ ಇರುತ್ತದೆ. ಎಣ್ಣೆಯು ಕಿರಿದಾದ ರಂಧ್ರಗಳಲ್ಲಿ ನುಸುಳುವಾಗ ಆ ಆಟದ ಶಕ್ತಿಯು ಶಾಖವಾಗಿ ಮಾರ್ಪಡುತ್ತದೆ. ಇದಕ್ಕೆ ಅವಮಂದನವೆಂದು ಹೆಸರು. ಎಣ್ಣೆ ಮಂದವಾದಷ್ಟೂ ತಡೆ ಹೆಚ್ಚು. ಎಣ್ಣೆಯ ಮೇಲೆ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಫೋರ್ಕು ಪೂರ್ತಿ ಕುಗ್ಗಿದಾಗ ಗಾಳಿಯ ಕಂಬ 140 ಮಿ.ಮೀ. ಉಳಿಯುವುದಾದರೆ, 120 ಮಿ.ಮೀ. ಚಾಚಿದಾಗ ಅದು ಸುಮಾರು 260 ಮಿ.ಮೀ. ಆಗಿರುತ್ತದೆ, ಬಾಯ್ಲನ ನಿಯಮದಂತೆ ಕುಗ್ಗಿದಾಗ ಒತ್ತಡವು 1.86 ಪಟ್ಟಾಗುತ್ತದೆ. ಇನ್ನಷ್ಟು ಎಣ್ಣೆ ಸುರಿದು ಕಂಬವನ್ನು 110 ಮಿ.ಮೀ.ಗೆ ಇಳಿಸಿದರೆ ಒತ್ತಡವು 2.09 ಪಟ್ಟು. ವೇಗವಾಗಿ ಕುಗ್ಗುವಾಗ ಗಾಳಿ ಬಿಸಿಯಾಗುವುದರಿಂದ ನಿಜವಾದ ಏರಿಕೆ ಇದಕ್ಕಿಂತಲೂ ಹೆಚ್ಚು. ಸ್ಪ್ರಿಂಗನ್ನು ಮುಟ್ಟದೆಯೇ, ಒಂದು ಲೋಟ ಎಣ್ಣೆಯಿಂದ ಚಲನೆಯ ಕೊನೆಯ ಭಾಗವನ್ನು ಮಾತ್ರ ಗಡುಸುಗೊಳಿಸುವ ಈ ಉಪಾಯ ಎಷ್ಟು ಸರಳ!

ಗಟ್ಟಿಯಾದುದೆಲ್ಲ ಒಳ್ಳೆಯದಲ್ಲ

ಗೋಡೆಯ ದಪ್ಪ ಒಂದೇ ಆಗಿದ್ದರೆ ಕೊಳವೆಯು ಬಾಗುವಿಕೆಗೆ ಒಡ್ಡುವ ವಿರೋಧವು ಹೆಚ್ಚುಕಡಿಮೆ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಹೀಗಾಗಿ 35 ಮಿ.ಮೀ. ಕೊಳವೆಗಿಂತ 43 ಮಿ.ಮೀ. ಕೊಳವೆ ಸುಮಾರು 1.85 ಪಟ್ಟು ಗಡುಸು. ಹೆಚ್ಚು ಗಡುಸಾದಷ್ಟೂ ಒಳ್ಳೆಯದೆಂದು ತೋರಬಹುದು. ಆದರೆ ಗಾಡಿ 45 ಡಿಗ್ರಿ ವಾಲಿರುವಾಗ ನೆಲದ ಉಬ್ಬೊಂದು ಚಕ್ರವನ್ನು ಮೇಲಕ್ಕೆ ತಳ್ಳಿದರೆ, ಆ ತಳ್ಳಿಕೆಯ ಒಂದು ಪಾಲು ಮಾತ್ರ ಫೋರ್ಕಿನ ನೇರಕ್ಕೆ ಬೀಳುತ್ತದೆ. ಅಷ್ಟೇ ದೊಡ್ಡ ಇನ್ನೊಂದು ಪಾಲು ಅಡ್ಡಕ್ಕೆ ಬೀಳುತ್ತದೆ. ಅಡ್ಡ ಬಿದ್ದುದನ್ನು ಸ್ಪ್ರಿಂಗು ನುಂಗಲಾರದು. ಕೊಳವೆಗಳೂ ಚೌಕಟ್ಟೂ ಕೊಂಚ ಬಾಗಿ ನುಂಗಬೇಕು. ಏನೂ ಬಾಗದಿದ್ದರೆ ಟೈರು ನೆಲದ ಮೇಲೆ ಪುಟಿಯತೊಡಗುತ್ತದೆ. ಆದುದರಿಂದಲೇ ಅತ್ಯಂತ ದಪ್ಪನೆಯ, ಅತ್ಯಂತ ಬೆಲೆಯ ಫೋರ್ಕು ಈ ಪಂದ್ಯಕ್ಕೆ ಅತ್ಯುತ್ತಮವೆಂದು ಹೇಳಲಾಗುವುದಿಲ್ಲ.

ಲೇತಿನ ಮುಂದೆ

ಇಷ್ಟೆಲ್ಲ ಲೆಕ್ಕವಾದ ಮೇಲೆ ಉಳಿಯುವುದು ಲೇತಿನ ಕೆಲಸ. ಹೊಸ ಕ್ಲಾಂಪಿನ ದಂಡವು ಹಳೆಯ ಚೌಕಟ್ಟಿನ ಕತ್ತಿಗೆ ಉದ್ದದಲ್ಲೂ ದಪ್ಪದಲ್ಲೂ ಸರಿಹೊಂದುವುದು ಅಪರೂಪ. ಒಳಸುತ್ತು ದಂಡಕ್ಕೂ ಹೊರಸುತ್ತು ಕತ್ತಿಗೂ ಒಪ್ಪುವ ಬೇರಿಂಗು ಸಿಕ್ಕಿದರೆ ಪುಣ್ಯ. ಇಲ್ಲವಾದರೆ ಹೊಸ ದಂಡವನ್ನು ಕಡೆದು ಕ್ಲಾಂಪಿನೊಳಕ್ಕೆ ಒತ್ತಿ ಕೂರಿಸಬೇಕು. ಇಡೀ ಗಾಡಿಯಲ್ಲಿ ಇದರಷ್ಟು ಜವಾಬ್ದಾರಿಯ ಕೆಲಸ ಇನ್ನೊಂದಿಲ್ಲ. ದಂಡವು ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪಗಿದ್ದು ಬಿಗಿಯಾಗಿ ಕೂರಬೇಕು. ಸಡಿಲವಾದರೆ ಒಂದು ದಿನ ಕಳಚುತ್ತದೆ, ಅತಿ ಬಿಗಿಯಾದರೆ ಕ್ಲಾಂಪು ಬಿರುಕುಬಿಡುತ್ತದೆ. ಇದು ಮನೆಯ ಸುತ್ತಿಗೆಯ ಕೆಲಸವಲ್ಲ. ಅನುಭವವುಳ್ಳ ಯಂತ್ರಶಿಲ್ಪಿಯೇ ಇದನ್ನು ಮಾಡಬೇಕು.

ಅನಂತರ ಅಚ್ಚಿನ ಎರಡು ಬದಿಗೂ ತಕ್ಕ ಅಳತೆಯ ಬಳೆಗಳನ್ನು ಹಾಕಿ ಚಕ್ರವನ್ನು ಎರಡು ಕಾಲುಗಳ ನಟ್ಟನಡುವೆ ತರಬೇಕು. ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿದಾಗ ಸವಾರನ ಬೆರಳುಗಳು ಪೆಟ್ರೋಲು ಟ್ಯಾಂಕಿಗೆ ಸಿಕ್ಕಿಕೊಳ್ಳದಂತೆ ತಡೆಗಟ್ಟೆಯನ್ನು ಕೂರಿಸಬೇಕು. ಎಲ್ಲ ಮುಗಿದ ಮೇಲೆ ಹಿಂದುಳಿಕೆಯನ್ನು ನೆಲದ ಮೇಲೆ ಮತ್ತೊಮ್ಮೆ ಅಳೆದು ಕಾಗದದ ಲೆಕ್ಕದೊಡನೆ ತಾಳೆನೋಡಬೇಕು.

ಈ ಪಂದ್ಯವು ದೂರದ ದೇಶದ್ದಾದರೂ ಅದರ ಪಾಠವನ್ನು ವಾಚಕರು ತಮ್ಮ ಮನೆಯ ಸೈಕಲ್ಲಿನಲ್ಲೇ ಪರೀಕ್ಷಿಸಬಹುದು. ಬ್ರೇಕಿನ ತಂತಿಗಳು ಅಡ್ಡಬಾರದ ಸೈಕಲ್ಲೊಂದನ್ನು ತೆಗೆದುಕೊಂಡು, ಮುಂಚಕ್ರವನ್ನು ಹಿಂದುಮುಂದಾಗಿ ತಿರುಗಿಸಿ, ಸೀಟನ್ನು ಹಿಡಿದು ನಿಧಾನವಾಗಿ ತಳ್ಳಿ ನೋಡಿ. ಹತ್ತಿ ಓಡಿಸುವುದು ಮಾತ್ರ ಬೇಡ. ಮುಂದಕ್ಕೆ ಬಾಗಿದ್ದ ಫೋರ್ಕು ಈಗ ಹಿಂದಕ್ಕೆ ಬಾಗಿರುವುದರಿಂದ ಹಿಂದುಳಿಕೆ ಬಹಳ ಹೆಚ್ಚಿರುತ್ತದೆ. ಸ್ವಲ್ಪ ವಾಲಿಸಿದೊಡನೆ ಹ್ಯಾಂಡಲ್ಲು ಎಷ್ಟು ಭಾರವಾಗಿ ಆ ಕಡೆಗೆ ಬೀಳುತ್ತದೆಂಬುದನ್ನು ಕಾಣುವಿರಿ. ಫೋರ್ಕು ಅದೇ, ಚಕ್ರ ಅದೇ, ಸೈಕಲ್ಲು ಅದೇ. ಬದಲಾದದ್ದು ಅವುಗಳ ನಡುವಿನ ಸಂಬಂಧ ಒಂದೇ.

ನನ್ನ ಸೈಕಲ್ಲಿಗೆ ಫೋರ್ಕು ಹಾಕಿಕೊಟ್ಟವರು ಕೈಕೆಲಸದಲ್ಲಿ ನಿಪುಣರೇ. ಅವರು ಎರಡು ಫೋರ್ಕುಗಳನ್ನು ಅಕ್ಕಪಕ್ಕ ನಿಲ್ಲಿಸಿ ಒಂದು ಅಡ್ಡಪಟ್ಟಿಯಿಂದ ಮುಂಚಾಚನ್ನು ಅಳೆದಿದ್ದರೆ ಸಾಕಾಗಿತ್ತು. ಆ ಅಳತೆಗೆ ಹಿಡಿಯುವುದು ಎರಡು ನಿಮಿಷ.